ತುಕ್ಕಿಗೆ ಯಾವ ಡಬ್ಬಿ?

ಅಪ್ಪಯ್ಯ 1996ರಲ್ಲಿ ಕೊಂಡ ಬಿಳಿ ಮಾರುತಿ 800 ಇವತ್ತಿಗೂ ನಮ್ಮ ಅಂಗಳದಲ್ಲಿದೆ. ಕುಂದಾಪುರದ ಈಚೆ, ರಾತ್ರಿ ಹೊತ್ತು ಕಡಲಿನ ಸದ್ದು ಕೇಳಿಸುವಷ್ಟು ಹತ್ತಿರದ ಮನೆ. ಈ ಸಲ ಮಳೆಗಾಲ ಮುಗಿದ ಮೇಲೆ ಗಾಡಿ ತೊಳೆಯುತ್ತಿದ್ದಾಗ ಹಿಂದಿನ ಎಡ ಚಕ್ರದ ಕಮಾನಿನ ಅಂಚಿನಲ್ಲಿ ಬೆರಳಿಗೆ ಏನೋ ತಾಗಿತು. ಉದ್ದಿನಕಾಳಿನಷ್ಟು ದೊಡ್ಡ ಮೂರು ಬೊಬ್ಬೆಗಳು. ಉಗುರಿನಿಂದ ಕೆರೆದರೆ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ಕಾಫಿಪುಡಿಯಂಥ ಹುಡಿ.

ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಕಾರಿನ ತುಕ್ಕಿಗೆ ಏನಾದ್ರೂ ಕೊಡಿ" ಎಂದೆ. ಅಂಗಡಿಯವರು ಒಂದೊಂದಾಗಿ ಐದು ಸಾಮಾನು ಮೇಜಿನ ಮೇಲೆ ತಂದಿಟ್ಟರು. ಒಂದು ಸ್ಪ್ರೇ ಡಬ್ಬಿ, ಒಂದು ಆಸಿಡ್ಡಿನ ಬಾಟಲಿ, ಹಾಲಿನಂತೆ ಬೆಳ್ಳಗಿದ್ದ ಇನ್ನೊಂದು ಬಾಟಲಿ, ಅರ್ಧ ಲೀಟರಿನ ರೆಡ್ ಆಕ್ಸೈಡ್, ಮತ್ತೆ ಕಾರಿನ ಅಡಿಗೆ ಬಳಿಯುವ ಡಾಂಬರಿನಂಥ ಕಪ್ಪು ಬಣ್ಣ. ಐದರ ಮೇಲೂ ತುಕ್ಕಿನ ಮಾತು ಬರೆದಿತ್ತು. ಆದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಇದು ತಿಳಿಯದೆ ಕೈಗೆ ಸಿಕ್ಕಿದ್ದನ್ನು ಬಳಿದು, ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಇನ್ನೂ ದೊಡ್ಡ ಬೊಬ್ಬೆ ಕಂಡು ಬೇಸತ್ತು ಗಾಡಿ ಮಾರಿದವರನ್ನು ನಾನು ನೋಡಿದ್ದೇನೆ. ಮಾರುತಿ 800 ಹುಟ್ಟಿದ್ದು 1983ರಲ್ಲಿ, ತಯಾರಿಕೆ ನಿಂತಿದ್ದು 2014ರಲ್ಲಿ. ಇನ್ನು ಹೊಸದು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಈ ಐದು ಡಬ್ಬಿಗಳ ವ್ಯತ್ಯಾಸ ಗೊತ್ತಿರಬೇಕು.

ಮೊದಲು ಶತ್ರುವಿನ ಪರಿಚಯ. ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ ಮೂರೂ ಸೇರಿದರೆ ತುಕ್ಕು. ನೀರು ಸುರಿಯಲೇಬೇಕೆಂದಿಲ್ಲ. ಗಾಳಿಯ ತೇವಾಂಶ ಶೇಕಡಾ 60ರ ಆಸುಪಾಸು ದಾಟಿದರೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ, ಅಷ್ಟೇ ಸಾಕು. ಕರಾವಳಿಯಲ್ಲಿ ವರ್ಷದ ಬಹುಪಾಲು ದಿನ ತೇವಾಂಶ ಅದಕ್ಕಿಂತ ಮೇಲೆಯೇ ಇರುತ್ತದೆ. ಉಪ್ಪಿದ್ದರಂತೂ ಕೇಳುವುದೇ ಬೇಡ. ತುಕ್ಕು ಹಿಡಿಯುವುದೆಂದರೆ ಕಬ್ಬಿಣದ ಮೇಲೆ ಸಣ್ಣ ಸಣ್ಣ ಬ್ಯಾಟರಿಗಳು ಕೆಲಸ ಮಾಡಿದ ಹಾಗೆ. ಉಪ್ಪುನೀರು ಆ ಬ್ಯಾಟರಿಗಳಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವಂತೆ ಮಾಡುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಮಳೆ ಜಾಸ್ತಿ, ಉಪ್ಪು ಕಮ್ಮಿ. ಮಲ್ಪೆ, ಕಾರವಾರಗಳಲ್ಲಿ ಎರಡೂ ಇವೆ.

ತುಕ್ಕಿಗೆ ಇನ್ನೊಂದು ಕೆಟ್ಟ ಗುಣವಿದೆ. ಅಲ್ಯೂಮಿನಿಯಂ ಕೂಡ ಗಾಳಿಗೆ ಒಡ್ಡಿದರೆ ಮಸುಕಾಗುತ್ತದೆ, ಆದರೆ ಆ ಮಸುಕೇ ಗಟ್ಟಿ ಹೊದಿಕೆಯಾಗಿ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸ್ಪಂಜಿನಂತೆ ಸಡಿಲ. ನೀರನ್ನು ಹೀರಿ ಹಿಡಿದಿಟ್ಟುಕೊಂಡು ಒಳಕ್ಕೆ ದಾಟಿಸುತ್ತದೆ. ಅದು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವೂ ಅದಕ್ಕೆ ಬೇಕು. ಬಣ್ಣ ಬೊಬ್ಬೆಯಂತೆ ಉಬ್ಬುವುದು ಅದಕ್ಕೇ. ಹೊರಗೆ ಉದ್ದಿನಕಾಳಿನಷ್ಟು ಕಂಡರೆ ಬಣ್ಣದ ಅಡಿಯಲ್ಲಿ ಎಂಟಾಣೆ ನಾಣ್ಯದಷ್ಟು ಹರಡಿದೆ ಎಂದೇ ಲೆಕ್ಕ ಹಾಕಬೇಕು. ತುಕ್ಕಿನ ಮೇಲೆ ನೇರವಾಗಿ ಬಣ್ಣ ಬಳಿದರೆ ನಿಲ್ಲದಿರುವುದಕ್ಕೂ ಕಾರಣ ಇದೇ. ಒದ್ದೆ ಸ್ಪಂಜನ್ನು ಒಳಗಿಟ್ಟು ಹೊಲಿದಂತಾಗುತ್ತದೆ.

ಹಾಗಾದರೆ ಡಬ್ಬಿ ಕೊಳ್ಳುವ ಮೊದಲು ಮಾಡಬೇಕಾದದ್ದು ಆಳ ನೋಡುವ ಕೆಲಸ. ಒಂದು ಸ್ಕ್ರೂಡ್ರೈವರಿನ ಹಿಡಿಯಿಂದ ತುಕ್ಕಿನ ಸುತ್ತ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದು ಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಆಮೇಲೆ ತುದಿಯಿಂದ ಒತ್ತಿ. ಹುಡಿ ಮಾತ್ರ ಉದುರಿ ತಗಡು ಗಟ್ಟಿಯಾಗಿ ನಿಂತರೆ ಅದು ಮೇಲುತುಕ್ಕು, ಮನೆಯಲ್ಲೇ ಸರಿ ಮಾಡಬಹುದು. ಹಕ್ಕಳೆ ಎದ್ದು, ಕೆಳಗೆ ಕುಳಿಗಳು ಕಂಡರೆ ಕೆಲಸ ಜಾಸ್ತಿ, ಆದರೂ ಕೈಮೀರಿಲ್ಲ. ತುದಿ ಒಳಗೆ ಹೋಯಿತೆಂದರೆ ಯಾವ ಡಬ್ಬಿಯೂ ಉಪಯೋಗಕ್ಕೆ ಬರುವುದಿಲ್ಲ. ಹಳೆಯ ಸಣ್ಣ ಕಾರುಗಳ ಮೈಯ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು, ತುಕ್ಕಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ನಮ್ಮ ಗಾಡಿಯ ರನ್ನಿಂಗ್ ಬೋರ್ಡು ಒಮ್ಮೆ ಹಾಗಾದಾಗ ನಾನು ತುಕ್ಕನ್ನು ಬದಲಿಸುವ ಕನ್ವರ್ಟರಿನ ಬಾಟಲಿ ಹಿಡಿದುಕೊಂಡೇ ಟಿಂಕರಿಂಗಿನವರ ಹತ್ತಿರ ಹೋಗಿದ್ದೆ. ಅವರು ಬಗ್ಗಿ ನೋಡಿ, "ಇದಕ್ಕೆ ಬಾಟ್ಲಿ ಸಾಕಾಗುದಿಲ್ಲ ಮಾರಾಯ್ರೆ, ತಗಡೇ ಬೇಕು" ಎಂದರು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟಿನ ಬೋಲ್ಟಿನ ಸುತ್ತ, ಅಡಿಯ ಚಾಸಿಯ ಉದ್ದನೆಯ ಪಟ್ಟಿಗಳು, ಇಲ್ಲೆಲ್ಲ ತೂತು ಬಿದ್ದರೆ ಮನೆ ಔಷಧ ಮಾಡಲೇಬಾರದು. ಅದು ಅಂದದ ವಿಷಯವಲ್ಲ, ಒಳಗೆ ಕೂರುವವರ ಜೀವದ ವಿಷಯ.

ಈಗ ಅಂಗಡಿಯ ಮೇಜಿಗೆ ಬರೋಣ. ಸ್ಪ್ರೇ ಡಬ್ಬಿಯಿಂದ ಶುರು. ಡಬ್ಲ್ಯುಡಿ-40 ಎಂಬ ಹೆಸರು ಎಲ್ಲರಿಗೂ ಗೊತ್ತು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ತಯಾರಾದದ್ದು. ನೀರನ್ನು ಸರಿಸುವ ದ್ರವ, ನಲವತ್ತನೆಯ ಪ್ರಯತ್ನ ಎಂಬುದು ಆ ಹೆಸರಿನ ಅರ್ಥ. ಅಟ್ಲಾಸ್ ಕ್ಷಿಪಣಿಯ ತೆಳು ಹೊರಮೈಗೆ ತುಕ್ಕು ಹಿಡಿಯದಿರಲೆಂದು ಅದನ್ನು ಬಳಸಿದ್ದರು. ನೀರು ಸರಿಸುವುದು, ಹಿಡಿದುಕೊಂಡ ಬೋಲ್ಟನ್ನು ಸಡಿಲಿಸುವುದು, ಬಾಗಿಲಿನ ಕೀಲಿನ ಕಿರುಗುಟ್ಟು ನಿಲ್ಲಿಸುವುದು ಅದಕ್ಕೆ ಗೊತ್ತು. ಆಗಿರುವ ತುಕ್ಕನ್ನು ಅದು ಬದಲಾಯಿಸುವುದಿಲ್ಲ. ಅದರ ಎಣ್ಣೆಯ ಪೊರೆ ಬಹಳ ದಿನ ನಿಲ್ಲುವುದೂ ಇಲ್ಲ. ಬಣ್ಣ ಹೊಡೆಯಬೇಕಾದ ಜಾಗಕ್ಕೆ ಇದನ್ನು ಸಿಂಪಡಿಸಿದರೆ ಎಣ್ಣೆಯಂಶವನ್ನು ತಿನ್ನರಿನಿಂದ ಪೂರ್ತಿ ಒರೆಸುವವರೆಗೆ ಪ್ರೈಮರು ಹಿಡಿಯುವುದಿಲ್ಲ.

ಆಸಿಡ್ಡಿನ ಬಾಟಲಿಯಲ್ಲಿ ಏನಿದೆ ಎಂದು ಲೇಬಲ್ ಓದಬೇಕು. ಫಾಸ್ಫಾರಿಕ್ ಆಮ್ಲ ಎಂದಿದ್ದರೆ ಅದು ಕೆಲಸಕ್ಕೆ ಬರುವ ಬಾಟಲಿ. ತುಕ್ಕನ್ನು ಕರಗಿಸುತ್ತದೆ, ಜೊತೆಗೆ ಕಬ್ಬಿಣದ ಮೇಲೆ ಕಬ್ಬಿಣದ ಫಾಸ್ಫೇಟಿನ ತೆಳುವಾದ ಬೂದುಗಪ್ಪು ಪದರವೊಂದನ್ನು ಉಳಿಸಿ ಹೋಗುತ್ತದೆ. ಬಣ್ಣಕ್ಕೆ ಅದು ಒಳ್ಳೆಯ ಹಿಡಿತ. ಕಾರ್ಖಾನೆಯಲ್ಲಿ ಹೊಸ ಕಾರಿನ ಮೈಯನ್ನು ಪ್ರೈಮರಿನಲ್ಲಿ ಮುಳುಗಿಸುವ ಮುನ್ನ ಫಾಸ್ಫೇಟಿನ ಸ್ನಾನ ಮಾಡಿಸುತ್ತಾರೆ, ತತ್ವ ಅದೇ. ಫಾಸ್ಫೇಟಿಗೂ ಕಬ್ಬಿಣಕ್ಕೂ ಇರುವ ನಂಟಿನ ದೊಡ್ಡ ಸಾಕ್ಷಿ ದೆಹಲಿಯಲ್ಲಿ ನಿಂತಿದೆ. ಗುಪ್ತರ ಕಾಲದ ಆ ಕಬ್ಬಿಣದ ಕಂಬ ಸುಮಾರು 1,600 ವರ್ಷಗಳಿಂದ ಬಯಲಲ್ಲಿ ನಿಂತು ತಿಂದು ಹೋಗದೆ ಉಳಿದದ್ದು ಹೇಗೆಂದು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಬಿಡಿಸಿ ತೋರಿಸಿದರು. ಆ ಕಬ್ಬಿಣದಲ್ಲಿ ಶೇಕಡಾ 0.25ರಷ್ಟು ರಂಜಕವಿದೆ. ಇಂದಿನ ಉಕ್ಕಿನ ಹಾಳೆಗಳಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು. ಬಿಸಿಲು, ಮಳೆಗಳ ಸರದಿಯಲ್ಲಿ ಆ ರಂಜಕವೇ ಫಾಸ್ಫೇಟಾಗಿ ಕಂಬದ ಮೈಮೇಲೆ ಕಾವಲಿನ ಪೊರೆ ಕಟ್ಟಿದೆ. ನಮ್ಮ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಸನ್ನಿಧಿಯಲ್ಲೂ ಒಂದು ಹಳೆಯ ಕಬ್ಬಿಣದ ಕಂಬ ಮಲೆನಾಡಿನ ಮಳೆಯಲ್ಲಿ ನೆನೆಯುತ್ತ ನಿಂತಿದೆ, ನೋಡಿರಬಹುದು.

ಕಾರಿನ ವಿಷಯಕ್ಕೆ ಬಂದರೆ, ಫಾಸ್ಫಾರಿಕ್ ಆಮ್ಲ ಬಳಸುವಾಗ ಆಗುವ ದೊಡ್ಡ ತಪ್ಪು ಅದನ್ನು ಬಳಿದು ಹಾಗೇ ಬಿಡುವುದು. ಕೆಲಸ ಮಾಡದೆ ಉಳಿದ ಆಮ್ಲ ಕುಳಿಗಳಲ್ಲಿ ಅಂಟಂಟಾಗಿ ಕೂತು ಮೇಲಿನ ಪ್ರೈಮರನ್ನೇ ಎಬ್ಬಿಸುತ್ತದೆ. ಹೇಳಿದಷ್ಟು ನಿಮಿಷ ಬಿಟ್ಟು, ಒಣಗಲು ಕೊಡದೆ ತೊಳೆದು, ಕೂಡಲೇ ಬಟ್ಟೆಯಿಂದ ಒರೆಸಿ, ತಲೆಗೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಹಿಡಿದು ಒಣಗಿಸಬೇಕು. ತೊಳೆಯಬಾರದು ಎಂದು ಬರೆದಿರುವ ಬಾಟಲಿಗಳೂ ಇವೆ, ಅವುಗಳ ಮಾತನ್ನು ಹಾಗೆಯೇ ಪಾಲಿಸಬೇಕು. ನಿಂತ ತಗಡಿಗೆ ನೀರಿನಂಥದ್ದಕ್ಕಿಂತ ಜೆಲ್ ರೂಪದ್ದು ಒಳ್ಳೆಯದು, ಇಳಿದು ಹೋಗುವುದಿಲ್ಲ.

ಬಾಟಲಿಯ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಎಂದಿದ್ದರೆ ಅಲ್ಲಿಯೇ ಇಟ್ಟು ಬನ್ನಿ. ಕಕ್ಕಸು ತೊಳೆಯುವ ಆಸಿಡ್ ಹಾಕಿದರೆ ತುಕ್ಕು ನೋಡುತ್ತಿದ್ದಂತೆ ಮಾಯವಾಗುವುದು ನಿಜ. ಅದು ಬಿಟ್ಟುಹೋಗುವ ಕ್ಲೋರೈಡ್ ಕಡಲುಪ್ಪಿನಲ್ಲಿರುವ ಕ್ಲೋರೈಡೇ. ತಗಡಿನ ಮಡಿಕೆಯೊಳಗೆ ಅದು ಸೇರಿಕೊಂಡರೆ ತೊಳೆದು ತೆಗೆಯಲು ಆಗುವುದಿಲ್ಲ. ಮರುದಿನ ಬೆಳಿಗ್ಗೆಯೇ ಹಳದಿ ತುಕ್ಕು ಮತ್ತೆ ಬಂದಿರುತ್ತದೆ. ಹುಣಸೆಹಣ್ಣು, ನಿಂಬೆ, ವಿನೆಗರ್ ಸಣ್ಣ ಬಿಡಿಭಾಗಗಳಿಗೆ ಸರಿ. ದೋಸೆಕಾವಲಿಗೆ ಹುಣಸೆ ಉಜ್ಜಿದ ಕೈಗೆ ಅದರ ಶಕ್ತಿಯೂ ಗೊತ್ತು, ನಿಧಾನವೂ ಗೊತ್ತು. ಬೋಲ್ಟು, ಬ್ರಾಕೆಟ್, ಬಾಗಿಲಿನ ಕೀಲುಗಳನ್ನು ಬಿಚ್ಚಿ ರಾತ್ರಿಯಿಡೀ ನೆನೆಹಾಕಬಹುದು. ಚಕ್ರದ ಕಮಾನನ್ನು ನೆನೆಹಾಕಲಾದೀತೇ?

ಹಾಲಿನಂತಿದ್ದ ಬಾಟಲಿ, ಅಂದರೆ ಕನ್ವರ್ಟರ್, ನನಗೆ ತುಂಬ ಇಷ್ಟವಾದದ್ದು. ಅದರ ರಸಾಯನ ನಮ್ಮ ಅಡುಗೆಮನೆಯಲ್ಲೇ ಇದೆ. ಬಾಳೆಕಾಯಿಯನ್ನೋ ಬಾಳೆಹೂವನ್ನೋ ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಹೆಚ್ಚಿದರೆ ಅಲಗು ಕಪ್ಪಗಾಗುತ್ತದಲ್ಲ, ಅದು ಕಾಯಿಯ ಚೊಗರು ಕಬ್ಬಿಣದ ಜೊತೆ ಕೂಡಿದ ಬಣ್ಣ. ಚೊಗರೆಂದರೆ ಟ್ಯಾನಿನ್. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಅನ್ನಭೇದಿ ಕಬ್ಬಿಣದ ಉಪ್ಪು. ಕನ್ವರ್ಟರ್ ಬಾಟಲಿಯಲ್ಲಿರುವ ಟ್ಯಾನಿಕ್ ಆಮ್ಲ ಕಂದು ತುಕ್ಕನ್ನು ಹಾಗೆಯೇ ನೀಲಿಗಪ್ಪು ಟ್ಯಾನೇಟಾಗಿ ಬದಲಿಸುತ್ತದೆ. ಜೊತೆಗಿರುವ ಅಂಟಿನಂಥ ಪಾಲಿಮರ್ ಒಣಗಿ ಮೇಲೊಂದು ಪೊರೆಯಾಗುತ್ತದೆ. ಬೆಳ್ಳಗೆ ಬಳಿದದ್ದು ಕಣ್ಣೆದುರೇ ನೇರಳೆಯಾಗಿ, ಕಪ್ಪಾಗಿ ಒಣಗುವುದನ್ನು ನೋಡಿದವರು ಇದೇ ಸಂಪೂರ್ಣ ಔಷಧ ಎಂದು ನಂಬಿಬಿಡುತ್ತಾರೆ. ನಾನೂ ನಂಬಿದ್ದೆ.

ಅದರ ಮಿತಿ ಏನೆಂದರೆ, ಅದು ತಾಗಿದಷ್ಟನ್ನೇ ಬದಲಿಸುತ್ತದೆ. ಹಕ್ಕಳೆಯ ಮೇಲೆ ಬಳಿದರೆ ಮೇಲಿನ ಪದರ ಕಪ್ಪಾಗುತ್ತದೆ, ಅಡಿಯ ಪದರಗಳು ಕಂದಾಗಿಯೇ ಉಳಿದು ತಮ್ಮ ಕೆಲಸ ಮುಂದುವರಿಸುತ್ತವೆ. ಹೊಳೆಯುವಂತೆ ಉಜ್ಜಿದ ತಗಡಿನ ಮೇಲೂ ಇದು ಬೇಡ. ಕೂಡಿಕೊಳ್ಳಲು ತುಕ್ಕೇ ಇಲ್ಲದಿದ್ದರೆ ಹಿಡಿತ ಸಿಗುವುದಿಲ್ಲ. ಸಡಿಲ ತುಕ್ಕನ್ನೆಲ್ಲ ವೈರ್ ಬ್ರಷ್ಷಿನಿಂದ ತೆಗೆದ ಮೇಲೂ ಉಳಿಯುವ ತೆಳು, ಗಟ್ಟಿ ಕಂದುಬಣ್ಣ ಇದರ ಜಾಗ. ಕಾರ್ಪೆಟ್ಟಿನ ಅಡಿಯ ನೆಲದ ತಗಡು, ಬ್ಯಾಟರಿ ಕೂರುವ ತಟ್ಟೆಯ ಮೂಲೆ, ಬಂಪರಿನ ಹಿಂಬದಿ, ಎಮರಿ ಕಾಗದ ಹಿಡಿದ ಕೈ ಹೋಗದ ಸಂದುಗಳು, ಅಲ್ಲಿ ಇದಕ್ಕೆ ಸಾಟಿಯಿಲ್ಲ. ಬ್ಯಾಟರಿ ತಟ್ಟೆಯಾದರೆ ಮೊದಲು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ಬ್ಯಾಟರಿಯ ಆಮ್ಲವನ್ನು ಶಮನ ಮಾಡಿಕೊಳ್ಳಿ.

ಅಂಗಡಿಯವರು ಮೇಜಿನ ಮೇಲೆ ಇಡದೇ ಇದ್ದ ಆರನೆಯ ಸಾಮಾನೇ ಎಲ್ಲಕ್ಕಿಂತ ಮುಖ್ಯವಾದದ್ದು. ಎಮರಿ ಕಾಗದ. ಕೈ ಹೋಗುವ, ಕಣ್ಣಿಗೆ ಕಾಣುವ ಜಾಗದಲ್ಲಿ ತುಕ್ಕನ್ನು ಬದಲಿಸುವುದಕ್ಕಿಂತ ತೆಗೆದು ಹಾಕುವುದೇ ಸರಿ. 80ರ ಕಾಗದದಿಂದ ಶುರು ಮಾಡಿ, ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, 180, 240ಕ್ಕೆ ಬಂದು ಸುತ್ತಲಿನ ಹಳೆಯ ಬಣ್ಣದ ಅಂಚನ್ನು ಇಳಿಜಾರಾಗಿ ನುಣುಪು ಮಾಡಬೇಕು. ಬೊಬ್ಬೆಯಷ್ಟೇ ಜಾಗ ಉಜ್ಜಿ ನಿಲ್ಲಿಸಬಾರದು, ಬಣ್ಣ ಗಟ್ಟಿಯಾಗಿ ಹಿಡಿದಿರುವ ಗಡಿ ಸಿಗುವವರೆಗೆ ಹೋಗಬೇಕು. ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಚಕ್ರದ ಬಗ್ಗೆ ಒಂದು ಎಚ್ಚರಿಕೆ. ಅದು ಕೆಲವೊಮ್ಮೆ ಕುಳಿಯೊಳಗಿನ ತುಕ್ಕನ್ನು ತೆಗೆಯುವ ಬದಲು ತಿಕ್ಕಿ ಮಿರುಗುವಂತೆ ಮಾಡುತ್ತದೆ, ಮೋಸಹೋಗುತ್ತೇವೆ. ಕುಳಿಗಳ ತಳದಲ್ಲಿ ಕಪ್ಪು ಚುಕ್ಕೆಗಳು ಉಳಿದರೆ ಆಗ ಫಾಸ್ಫಾರಿಕ್ ಜೆಲ್. ಬಾಟಲಿಗೆ ಅಷ್ಟೇ ಕೆಲಸ ಉಳಿಯಬೇಕು.

ಇನ್ನು ರೆಡ್ ಆಕ್ಸೈಡ್. ಗೇಟಿಗೆ, ಕಿಟಕಿಯ ಸರಳಿಗೆ, ಸಿಮೆಂಟಿನ ಕಂಬದ ಕಬ್ಬಿಣಕ್ಕೆ ಎಲ್ಲಕ್ಕೂ ಬಳಿದು ಬಳಿದು ಆ ಕೆಂಪೇ ತುಕ್ಕಿಗೆ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆ ಕೆಂಪಿನ ಮೂಲವೇ ಕಬ್ಬಿಣದ ಆಕ್ಸೈಡು, ಸಂಡೂರಿನ ಗಣಿಯ ಅದಿರಿನ ಕೆಂಪಿನ ಬಳಗ. ಬಣ್ಣ ಕೊಡುವುದು, ಬಿಸಿಲು ತಡೆಯುವುದು ಅದರ ಕೆಲಸ. ತುಕ್ಕು ತಡೆಯುವ ಗುಣ ಜೊತೆಗೆ ಬೆರೆಸುವ ಸತುವಿನ ಕ್ರೋಮೇಟಿನದ್ದು. ಐಎಸ್ 2074 ಎಂಬ ಭಾರತೀಯ ಮಾನಕ ರೆಡ್ ಆಕ್ಸೈಡ್–ಜಿಂಕ್ ಕ್ರೋಮ್ ಪ್ರೈಮರಿನದ್ದೇ. ಡಬ್ಬಿಯ ಮೇಲೆ ಜಿಂಕ್ ಕ್ರೋಮೇಟ್ ಅಥವಾ ಜಿಂಕ್ ಫಾಸ್ಫೇಟ್ ಎಂಬ ಮಾತೇ ಇಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಬರೀ ಕೆಂಪು ಬಣ್ಣ. ಎರಡರಲ್ಲಿ ಫಾಸ್ಫೇಟಿನದ್ದನ್ನೇ ಆರಿಸಿಕೊಳ್ಳಿ. ಕ್ರೋಮೇಟಿನ ಕ್ರೋಮಿಯಂ ಕ್ಯಾನ್ಸರಿಗೆ ಕಾರಣವಾಗುವಂಥದ್ದು. ಹಳೆಯ ರೆಡ್ ಆಕ್ಸೈಡನ್ನು ಒಣಗಿದ ಕಾಗದದಿಂದ ಉಜ್ಜಿ ಧೂಳೆಬ್ಬಿಸುವ ಹುಡುಗರನ್ನು ಗ್ಯಾರೇಜುಗಳಲ್ಲಿ ನೋಡುವಾಗ ನನಗೆ ಸಂಕಟವಾಗುತ್ತದೆ. ವಾಟರ್ ಪೇಪರ್ ಹಿಡಿದು ಒದ್ದೆಯಾಗಿ ಉಜ್ಜಿದರೆ ಧೂಳು ಏಳುವುದಿಲ್ಲ. ಒಳ್ಳೆಯ ಮಾಸ್ಕು ದುಬಾರಿಯೇನಲ್ಲ.

ಗೇಟಿನ ರೆಡ್ ಆಕ್ಸೈಡು ಕಾರಿನ ಮೈಗೆ ಹೊಂದದಿರಲು ಇನ್ನೊಂದು ಕಾರಣವಿದೆ. ಅದು ನಿಧಾನವಾಗಿ ಒಣಗುವ ಎಣ್ಣೆಬಣ್ಣದ ಜಾತಿ. ಅದರ ಮೇಲೆ ಕಾರಿನ ಬಣ್ಣದ ಖಾರವಾದ ತಿನ್ನರು ಬಿದ್ದರೆ ಹಪ್ಪಳದಂತೆ ಸುಕ್ಕುಗಟ್ಟಿ ಏಳುತ್ತದೆ. ಕಾರಿನ ಬರಿಯ ತಗಡಿಗೆ ನಾನು ಹೇಳುವುದು ಎರಡು ಭಾಗಗಳನ್ನು ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್. ಬೆಲೆ ಜಾಸ್ತಿ. ಬೆರೆಸಿದ ಮೇಲೆ ಹೊತ್ತು ಮೀರುವ ಮೊದಲು ಮುಗಿಸಬೇಕು. ಆದರೆ ನೀರನ್ನು ತಡೆಯುವುದರಲ್ಲಿ ಮಾಮೂಲಿ ಪ್ರೈಮರುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಹಡಗುಗಳಿಗೆ ಹೊಡೆಯುವ ಕೆಲವು ಎಪಾಕ್ಸಿಗಳ ಹಾರ್ಡ್ನರ್ ತಯಾರಾಗುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ. ತೇವವಿರುವ ಗಾಳಿಯಲ್ಲೂ ಗಟ್ಟಿಯಾಗುವುದು ಅದರ ಹೆಚ್ಚುಗಾರಿಕೆ. ಮರದ ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದ ಊರಿನವನಾದ ನನಗೆ ಇದು ತಿಳಿದ ದಿನ ಬಹಳ ಸಂತೋಷವಾಗಿತ್ತು. ಒಂದು ವಿಷಯ ಮಾತ್ರ ನೆನಪಿರಲಿ. ಆಮ್ಲದ ಅಂಶ ಉಳಿದ ತಗಡಿನ ಮೇಲೆ, ಹಾಲಿನಂಥ ಕನ್ವರ್ಟರಿನ ಮೇಲೆ ಎಪಾಕ್ಸಿ ಹೊಡೆಯಬಾರದೆಂದು ಎಷ್ಟೋ ತಯಾರಕರು ಬರೆದಿರುತ್ತಾರೆ. ಆದ್ದರಿಂದ ಕನ್ವರ್ಟರ್ ದಾರಿ ಹಿಡಿಯುವುದೋ, ಬೆಳ್ಳಗೆ ಉಜ್ಜಿ ಎಪಾಕ್ಸಿ ಹಾಕುವುದೋ, ಒಂದು ಜಾಗಕ್ಕೆ ಒಂದೇ ದಾರಿ. ಸತುವಿನ ಪುಡಿಯ ಸ್ಪ್ರೇಯೂ ಬರೀ ತಗಡಿಗೇ ತಾಗಬೇಕು, ನಡುವೆ ಬೇರೆ ಪದರ ಬಂದರೆ ಅದರ ರಕ್ಷಣೆ ನಡೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಮುಂದಿನ ಫೆಂಡರನ್ನು ರಿಪೇರಿ ಮಾಡಿಸಿದ್ದೆ. ಕನ್ನಡಿಯಂತೆ ಮಾಡಿ ಕೊಟ್ಟರು. ಎರಡನೆಯ ಮಳೆಗಾಲಕ್ಕೆ ಅಂಗೈಯಗಲ ಉಬ್ಬಿತು. ಬಿಡಿಸಿ ನೋಡಿದರೆ ತುಕ್ಕನ್ನು ತೆಗೆಯದೆಯೇ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಪುಟ್ಟಿ ತಗಡಿನ ಡೊಂಕು ತುಂಬಲು ಇರುವುದು, ನೀರು ತಡೆಯಲು ಅಲ್ಲ. ಅದೇ ನೀರು ಹೀರುತ್ತದೆ. ಈಗ ಯಾರ ಹತ್ತಿರ ಮಾಡಿಸಿದರೂ ಉಜ್ಜಿದ ಮೇಲೆ, ಪ್ರೈಮರಿಗೆ ಮೊದಲು ನನ್ನನ್ನು ಕರೆಯಿರಿ ಎಂದು ಹೇಳಿ ಹೋಗಿ ನೋಡುತ್ತೇನೆ. ನೀವೂ ಹಾಗೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಐದನೆಯ ಡಬ್ಬಿ, ಅಡಿಗೆ ಬಳಿಯುವ ಕಪ್ಪು. ಸ್ವಚ್ಛ ತಗಡಿನ ಮೇಲೆ ಹೊಸತರಲ್ಲಿ ಅದು ಒಳ್ಳೆಯದೇ, ಕಲ್ಲೇಟು ತಡೆಯುತ್ತದೆ. ತುಕ್ಕು ಹಿಡಿದ ಹಳೆಯ ಕಾರಿನ ಅಡಿಗೆ ಬಳಿದರೆ ಕೊಳೆತವನ್ನು ಮುಚ್ಚಿಟ್ಟಂತೆ. ವರ್ಷ ಕಳೆದಾಗ ಬಿರುಕು ಬಿಟ್ಟು, ನೀರು ಒಳಹೋಗಿ, ಹೊರಬರಲು ದಾರಿಯಿಲ್ಲದೆ ನಿಲ್ಲುತ್ತದೆ. ಹಳೆಯ ಕಾರು ಕೊಳ್ಳುವಾಗ ಅಡಿಯಲ್ಲಿ ಹೊಚ್ಚ ಹೊಸ ಕಪ್ಪು ಮಿರುಗುತ್ತಿದ್ದರೆ ಸ್ಕ್ರೂಡ್ರೈವರ್ ತೆಗೆದು ತಟ್ಟಿ ನೋಡದೆ ಮುಂದುವರಿಯಬೇಡಿ. ಸುಟ್ಟ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಹೊಡೆಯುವ ಪದ್ಧತಿಯೂ ಇದೆ. ತುಕ್ಕನ್ನು ಸ್ವಲ್ಪ ತಡೆಯುತ್ತದೆ, ಒಪ್ಪುತ್ತೇನೆ. ಆದರೆ ರಬ್ಬರಿನ ಬುಶ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ, ಮಳೆಗೆ ತೊಳೆದು ಅಂಗಳದ ಮಣ್ಣಿಗೆ, ಅಲ್ಲಿಂದ ಬಾವಿಗೆ ಇಳಿಯುತ್ತದೆ. ಕುಡಿಯುವ ಬಾವಿ ಇರುವ ಮನೆಯಲ್ಲಿ ಅದನ್ನು ಮಾಡಬಾರದು.

ಅದಕ್ಕೆ ಬದಲಾಗಿ ಕ್ಯಾವಿಟಿ ವ್ಯಾಕ್ಸ್ ಎಂದು ಕೇಳಿ. ಉದ್ದನೆಯ ತೆಳು ಕೊಳವೆಯಿರುವ ಸ್ಪ್ರೇ. ಬಾಗಿಲಿನ ಒಳಗೆ, ರನ್ನಿಂಗ್ ಬೋರ್ಡಿನ ಪೊಳ್ಳಿನೊಳಗೆ, ಡಿಕ್ಕಿಯ ಬಾಗಿಲಿನ ಮಡಿಕೆಗೆ ಹೊಡೆದರೆ ಸಂದುಗಳಿಗೆ ಹರಿದು ಮೇಣವಾಗಿ ನಿಲ್ಲುತ್ತದೆ. ಪೂರ್ತಿ ಗಟ್ಟಿಯಾಗದ್ದರಿಂದ ಬಿರುಕು ಬಿಡುವುದಿಲ್ಲ. ಹಳೆಯ ಕಾರುಗಳು ಕೊಳೆಯಲು ಶುರುವಾಗುವುದು ಒಳಗಿನಿಂದ. ಬಾಗಿಲಿನ ಅಡಿಯ ಅಂಚಿನಲ್ಲಿ ನೀರು ಇಳಿಯಲೆಂದೇ ಬಿಟ್ಟ ಸಣ್ಣ ತೂತುಗಳಿವೆ. ತರಗೆಲೆ, ಕೆಸರು ಕೂತು ಅವು ಕಟ್ಟಿಕೊಂಡರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ. ಮಳೆಗಾಲಕ್ಕೆ ಮೊದಲು ತೆಂಗಿನ ಕಡ್ಡಿಯಲ್ಲಿ ಅವನ್ನು ಬಿಡಿಸುವುದಕ್ಕೆ ಖರ್ಚೇ ಇಲ್ಲ.

ಈ ಕೆಲಸಕ್ಕೆ ಕಾಲ ನೋಡಬೇಕು. ಡಿಸೆಂಬರಿನಿಂದ ಫೆಬ್ರವರಿವರೆಗೆ, ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ ಹತ್ತರಿಂದ ಮೂರು ಗಂಟೆಯೊಳಗೆ. ತಗಡು ಕೈಗೆ ಬೆಚ್ಚಗೆ ತಾಗಬೇಕು, ಸುಡಬಾರದು. ಉಜ್ಜಿ ಹೊಳೆಸಿದ ತಗಡನ್ನು ಕಡಲಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೆ ಮರುದಿನ ಹೊಸ ತುಕ್ಕಿನ ಛಾಯೆ ಬಂದಿರುತ್ತದೆ, ಹಾಗಾಗಿ ಉಜ್ಜಿದ ದಿನವೇ ಪ್ರೈಮರ್. ಪ್ರೈಮರ್ ಹಾಕಿದ ಗಾಡಿಯನ್ನು ಬಣ್ಣವಿಲ್ಲದೆ ತಿಂಗಳುಗಟ್ಟಲೆ ಓಡಿಸಬಾರದು.

ಮೇಜಿನ ಮೇಲಿನ ಐದರಲ್ಲಿ ನಾನು ಕೊನೆಗೆ ತಂದದ್ದು ಒಂದೇ, ಫಾಸ್ಫಾರಿಕ್ ಜೆಲ್ಲಿನದ್ದು. ಜೊತೆಗೆ ಎಮರಿ ಕಾಗದ ಆರು ಹಾಳೆ. ಎಪಾಕ್ಸಿ ಪ್ರೈಮರನ್ನು ಕಾರಿನ ಬಣ್ಣದ ಅಂಗಡಿಯಿಂದ ತರಿಸಿದೆ. ಮೂರು ಉದ್ದಿನಕಾಳು ಉಜ್ಜುತ್ತ ಉಜ್ಜುತ್ತ ಅಂಗೈಯಗಲವಾಯಿತು. ಕುಳಿಗಳು ನಾಲ್ಕೈದು, ತಗಡು ಗಟ್ಟಿ. ಕುಳಿಗಳಿಗೆ ಜೆಲ್ ಹಚ್ಚಿ, ತೊಳೆದು, ಒಣಗಿಸಿ, ಇನ್ನೊಮ್ಮೆ ಹಗುರಾಗಿ ಉಜ್ಜಿ, ತಿನ್ನರಿನಲ್ಲಿ ಒರೆಸಿ, ಮಧ್ಯಾಹ್ನದೊಳಗೆ ಎರಡು ಕೋಟು ಎಪಾಕ್ಸಿ ಹೊಡೆದು ಮುಗಿಸಿದೆ. ಅಪ್ಪಯ್ಯ ಜಗಲಿಯಲ್ಲಿ ಕೂತು ನೋಡುತ್ತಿದ್ದವರು ಎದ್ದು ಬಂದು, ಬಲಗಡೆಯ ಕಮಾನಿನ ಅಂಚನ್ನು ಬೆರಳಿನಲ್ಲಿ ಸವರಿ ನೋಡಿದರು. ಅಲ್ಲಿಯೂ ಒಂದು ಸಿಕ್ಕಿತು.